ಹಗ್ಗದ ಜೊತೆಗಿಟ್ಟ ನಂಬರ್ ಬೋರ್ಡು

ನನ್ನ ಎಡಗೈ ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ಯಾರಾದರೂ ಕೇಳಿದರೆ, ಚಿಕ್ಕ ವಯಸ್ಸಿನಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದೆ ಎನ್ನುತ್ತೇನೆ. ಅದು ನಿಜವೇ. ಬೀಳುವಾಗ ನನ್ನ ಅಂಗಿಯ ಜೇಬಿನಲ್ಲಿ ಒಂದು ಕಾಗದವಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಮಡಕಶಿರದ ಹತ್ತಿರದ ಆ ಕೆರೆಯ ಏರಿ, ಬೆನ್ನಿಗೆ ಒತ್ತುತ್ತಿದ್ದ ಕಲ್ಲುಗಳು, ನನ್ನ ಎದೆಯಿಂದ ಎರಡು ಬೆರಳಷ್ಟು ಮೇಲೆ ಇನ್ನೂ ತಿರುಗುತ್ತಿದ್ದ ಗಾಲಿ, ಇವೆಲ್ಲ ಬಸ್ಸಿನಲ್ಲಿ ಕೂತಾಗ, ಕ್ಷೌರಕ್ಕೆ ತಲೆ ಬಗ್ಗಿಸಿದಾಗ, ಕರೆಯದೆ ಬರುತ್ತವೆ. ಬಂದಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಎರಡನೆಯ ಮಹಾಯುದ್ಧ ಮುಗಿದು ಸ್ವಲ್ಪ ದಿನವಾಗಿತ್ತು. ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಗೂ ಮಡಕಶಿರ ಅನಂತಪುರ ಜಿಲ್ಲೆಗೂ ಸೇರಿದ್ದವು. ಎರಡೂ ಮದ್ರಾಸು ಸರ್ಕಾರದ ಕೆಳಗೆ. ನಾನು ಬಿ.ಎ. ಮುಗಿಸಿ, ಕೆಲಸಕ್ಕೆ ಅರ್ಜಿಗಳನ್ನು ಹಾಕಿ, ರಾಯದುರ್ಗದಲ್ಲಿ ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದೆ. ಭಾವ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಸುತ್ತಲ ಹಳ್ಳಿಗಳವರಿಗೆ ಅವರೇ ದನದ ಡಾಕ್ಟರು. ಮಡಕಶಿರದ ಕಡೆ ದನಗಳಿಗೆ ದೊಡ್ಡರೋಗ ಬಿದ್ದಾಗ ಅವರನ್ನು ಕೆಲವು ತಿಂಗಳು ಅಲ್ಲಿಗೆ ಹಾಕಿದ್ದರು. ತಿರುಗಿ ಬರುವಾಗ ಒಂದು ಮೋಟಾರ್ ಸೈಕಲ್ ಕೊಂಡುಕೊಂಡೇ ಬಂದರು. ಅಲ್ಲಿಯತನಕ ಅವರ ತಿರುಗಾಟವೆಲ್ಲ ಸೈಕಲ್ಲಿನ ಮೇಲೆ. ಸೂಜಿಮದ್ದಿನ ಪೆಟ್ಟಿಗೆ ಕಟ್ಟಿಕೊಂಡು ಅವರು ಹಳ್ಳಿ ಮುಟ್ಟುವ ಹೊತ್ತಿಗೆ ಎಷ್ಟೋ ಸಲ ದನ ಕಾಲು ಚಾಚಿರುತ್ತಿತ್ತು. ಆ ಮನೆಯವರು ಇವರನ್ನು ಬೈಯುತ್ತಿರಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಬೈದಿದ್ದರೆ ವಾಸಿಯಿತ್ತು ಎಂದು ಭಾವ ಅಕ್ಕನ ಹತ್ತಿರ ಹೇಳುತ್ತಿದ್ದರು.

ಮೋಟಾರ್ ಸೈಕಲ್ಲನ್ನು ಅವರು ಕೊಂಡದ್ದು ಎತ್ತು ಕೊಳ್ಳುವ ಹಾಗೆ. ಅವರಿಗೆ ಗೊತ್ತಿದ್ದ ವ್ಯಾಪಾರ ಅದೊಂದೇ. ಅಲ್ಲಿನ ದನದ ದಲ್ಲಾಳಿ ಟವೆಲ್ಲಿನ ಕೆಳಗೆ ಇವರ ಬೆರಳು ಹಿಡಿದು ಬೆಲೆ ಮುರಿದಿದ್ದ. ಎಲೆ ಅಡಿಕೆ ಕೊಟ್ಟದ್ದಾಯಿತು, ಗಾಲಿಯ ಮುಂದೆ ತೆಂಗಿನಕಾಯಿ ಒಡೆದದ್ದಾಯಿತು. ಮಾರಿದವಳು ಮಡಕಶಿರದ ಹತ್ತಿರದ ರತ್ನಗಿರಿಯ ಕಡೆಯ ಒಂದು ಹಳ್ಳಿಯ ಹೆಂಗಸು. ಆ ಕಡೆ ಎತ್ತು ಮಾರಿದರೆ ಅದರ ಕೊರಳ ಹಗ್ಗವನ್ನು ಕೊಡುವುದಿಲ್ಲ. ಕೊಂಡವನು ಹೊಸ ಹಗ್ಗ ತಂದು ಹಾಕಿ ಹೊಡೆದುಕೊಂಡು ಹೋಗಬೇಕು. ಹಳೆಯದು ಮಾರಿದವರ ಮನೆಯ ಗೂಡಿನಲ್ಲಿ ಉಳಿಯುತ್ತದೆ. ಹಗ್ಗವೂ ಹೋದರೆ ಹಟ್ಟಿಯ ಲಕ್ಷ್ಮಿಯೂ ಹೋದಳು ಎಂದು ಲೆಕ್ಕ. ಆ ಹೆಂಗಸು ಗಾಡಿಯ ನಂಬರ್ ಬೋರ್ಡು ಬಿಚ್ಚಿ ಇಟ್ಟುಕೊಂಡಳು. ಭಾವನಿಗೆ ಅದು ಸರಿಯಾಗಿಯೇ ಕಂಡಿತು. ಕೇಳಲೇ ಇಲ್ಲ.

ರಾಯದುರ್ಗದಲ್ಲಿ ಸಬ್ ಇನ್ಸ್‌ಪೆಕ್ಟರು ಸಂತೆ ಬೀದಿಯಲ್ಲಿ ಗಾಡಿಯನ್ನು ನಿಲ್ಲಿಸಿದರು.

"ನಂಬರ್ ಎಲ್ರಿ, ಡಾಕ್ಟ್ರ?"

"ಮಾರಿದಾಕಿ ಇಟ್ಕೊಂಡಾಳ್ರಿ. ಹಗ್ಗ ಇಟ್ಕೊಂಡಂಗ."

"ಆರ್.ಸಿ. ಕಾಗದ?"

"ಎತ್ತಿಗೆ ಯಾರ್ರಿ ಕಾಗದ ಕೊಡ್ತಾರ?"

ಇನ್ಸ್‌ಪೆಕ್ಟರು ನಕ್ಕರು. ಅವರ ಎಮ್ಮೆಗೆ ಭಾವ ಮದ್ದು ಹಾಕಿದ್ದರು. "ಹಲ್ಲಾದ್ರೂ ನೋಡೀರೇನು ಕೊಳ್ಳಬೇಕಾದ್ರ?" ಎಂದರು. ನಗು ಮುಗಿದ ಮೇಲೆ ಹೇಳಿದ್ದು ಬೇರೆ. ಹದಿನೈದು ದಿನದೊಳಗೆ ಗಾಡಿ ನಿಮ್ಮ ಹೆಸರಿಗೆ ಆಗಬೇಕು, ಇಲ್ಲವೇ ಆಗುತ್ತಿದೆ ಎನ್ನುವುದಕ್ಕೆ ಕಚೇರಿಯ ಚೀಟಿಯಾದರೂ ಬೇಕು. ಇಲ್ಲದಿದ್ದರೆ ಠಾಣೆಗೆ ಎಳೆಸುತ್ತೇನೆ. ಎಳೆಸಿದ ಮೇಲೆ ನನ್ನ ಕೈಲಿಲ್ಲ. ಅಲ್ಲಿಯವರೆಗೆ ದಾರಿಯಲ್ಲಿ ತೋರಿಸಲು ಎಂದು ಒಂದು ಚೀಟಿ ಬರೆದು ಕೊಟ್ಟರು. ಆಗಿನ್ನೂ ರೇಷನ್ನಿನಲ್ಲಿದ್ದ ಪೆಟ್ರೋಲಿನ ಕೂಪನ್ನಿಗೂ ಆರ್.ಸಿ.ಯೇ ಬೇಕಿತ್ತು. ಭಾವ ಅದುವರೆಗೆ ಓಡಿಸಿದ್ದು ಅವರಿವರು ಕೊಟ್ಟ ಪೆಟ್ರೋಲಿನಲ್ಲಿ.

ಹೀಗೆ ನಾವಿಬ್ಬರೂ ಮಡಕಶಿರಕ್ಕೆ ಹೊರಟೆವು. ಬಸ್ಸಿನಲ್ಲಿ ಹೋಗೋಣವೆಂದೆ. ಗಾಡಿ ಓಡುತ್ತಿದೆ ಎಂದು ಆಕೆಗೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದರು ಭಾವ. ನನ್ನನ್ನು ಕರೆದುಕೊಂಡದ್ದು ಇಂಗ್ಲಿಷಿಗಾಗಿ. ಔಷಧದ ಬಾಟಲಿಯ ಮೇಲಿನದನ್ನು ಬಿಟ್ಟರೆ ಅವರಿಗೆ ಆ ಭಾಷೆಯ ಸಹವಾಸವಿರಲಿಲ್ಲ. "ಬಿ.ಎ. ಸಾಹೇಬರು ಹಿಂದ ಕೂತ್ರ ಪೊಲೀಸರು ತಾವಾಗೇ ಸೆಲ್ಯೂಟ್ ಹೊಡೀತಾರ" ಎಂದರು.

ಮಡಕಶಿರದ ತಾಲೂಕು ಕಚೇರಿಯ ಎದುರು ಒಬ್ಬ ಅರ್ಜಿ ಬರೆಯುವವ ಕೂತಿದ್ದ. ಗಾಡಿ ಯಾರ ಹೆಸರಿನಲ್ಲಿದೆ ಎಂದು ಕೇಳಿದ. ಭಾವ ತಿಳಿದಷ್ಟು ಹೇಳಿದರು. ಆ ಹೆಂಗಸಿನ ಮಗ ಹಿಂದೂಪುರದಲ್ಲಿ ಬಸ್ಸಿನ ಡ್ರೈವರಾಗಿದ್ದ. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಬಿಳಿಯ ದೊರೆಯಿಂದ ಈ ಗಾಡಿ ಕೊಂಡು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಆಮೇಲೆ ಮಿಲಿಟರಿ ಲಾರಿ ಓಡಿಸಲು ಸೇರಿ ಮಲಯಾ ಕಡೆಗೆ ಹೋದ. ಅಲ್ಲಿಂದ ಪತ್ತೆಯಿಲ್ಲ ಎಂದು ಒಂದು ಕಾಗದ ಬಂದಿತ್ತು. ಅಷ್ಟೇ.

ಅರ್ಜಿಯವನು ಬೇರೇನೂ ಕೇಳದೆ, ಆ ಹೆಂಗಸೇ ಹೇಳುವ ಹಾಗೆ, ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರೆದ. ಭಾವ ಗಾಡಿಗೆ ಎಣ್ಣೆ ನೋಡುತ್ತಿದ್ದರು. ನಾನು ಓದಿದೆ. ನಡುವೆ ಒಂದು ಸಾಲು ಹೀಗಿತ್ತು: ನನ್ನ ಒಬ್ಬನೇ ಮಗ ಯುದ್ಧದಲ್ಲಿ ಸತ್ತಿದ್ದಾನೆ, ಅವನಿಗೆ ವಾರಸುದಾರಳು ನಾನೊಬ್ಬಳೇ, ಆ ಹಕ್ಕಿನಿಂದ ಈ ಗಾಡಿ ಮಾರಿದ್ದೇನೆ.

"ಸತ್ತಿದ್ದಾನೆ ಅಂತ ಯಾರು ಹೇಳಿದರು?" ಎಂದೆ.

"ಯಾರು ಹೇಳಬೇಕು? ಇರೋನ ಗಾಡಿ ತಾಯಿ ಮಾರಾಕಾಗ್ತದಾ? ಸತ್ತಿದ್ದಾನೆ ಅಂದ್ರೆ ಒಂದೇ ದಿನಕ್ಕೆ ಕೆಲ್ಸ ಆಯ್ತದೆ. ಇಲ್ಲ ಅಂದ್ರೆ ನೀವು ಮುದುಕ್ರಾಗೋವರ್ಗೂ ತಿರುಗ್ತೀರ. ಓದಿದೋರು, ನಿಮಗ್ ನಾನ್ ಹೇಳ್ಬೇಕಾ?"

ನಾನು ಕಾಗದ ಮಡಿಚಿ ಜೇಬಿಗಿಟ್ಟುಕೊಂಡೆ. ಭಾವನಿಗೆ ಹೇಳಲಿಲ್ಲ. ಹೇಳಿದರೆ ಅವರು ಅಲ್ಲಿಂದಲೇ ಗಾಡಿ ತಿರುಗಿಸುತ್ತಾರೆಂದು ಗೊತ್ತಿತ್ತು. ಗಾಡಿ ಉಳಿಯಬೇಕು, ನಾನು ಬಂದದ್ದಕ್ಕೆ ಕೆಲಸವಾಗಬೇಕು ಎಂಬುದೇ ತಲೆಯಲ್ಲಿತ್ತು. ಆಕೆಗೆ ಇಂಗ್ಲಿಷ್ ಬಾರದು, ಆ ಕಾಗದ ಯಾವುದೋ ಬೀರುವಿನಲ್ಲಿ ಸೇರಿಹೋಗುತ್ತದೆ ಎಂದುಕೊಂಡೆ.

ಆಕೆಯ ಮನೆ ಊರಿನ ಕೊನೆಯಲ್ಲಿತ್ತು. ಪಡಸಾಲೆಯಲ್ಲಿ ಕಡಲೆಕಾಯಿ ರಾಶಿ ಬಿದ್ದಿತ್ತು. ಗಾಡಿಯ ಸದ್ದು ಕೇಳಿ ಆಕೆ ಹೊರಗೆ ಬಂದಳು. ನಮ್ಮ ಮುಖ ನೋಡುವ ಮೊದಲು ಗಾಡಿಯ ಮೇಲೆ ಕೈಯಾಡಿಸಿದಳು.

"ದನದ್ ಡಾಕ್ಟ್ರಪ್ಪ, ಬಂದ್ಯಾ. ದಿನಾ ಓಡಿಸ್ತೀಯ ತಾನೆ?"

"ದಿನಾ ಓಡಿಸ್ತೀನವ್ವ."

"ಓಡಿಸ್ಬೇಕು. ನಿಂತ್ರೆ ಸತ್ತೋಯ್ತದೆ ಅಂತಿದ್ದ ಅವ್ನು. ನಂಗೆ ಓಡ್ಸಾಕ್ ಬತ್ತದಾ? ಕೋಳಿ ಮೊಟ್ಟೆ ಇಕ್ತಿತ್ತು ಇದ್ರ ಮ್ಯಾಲೆ. ಅದಕ್ಕೇ ಕೊಟ್ಟೆ. ಅವ್ನು ಬಂದ್ರೆ ನಿನ್ನತ್ರ ಕಳಿಸ್ತೀನಿ, ಒಂದು ಸುತ್ತು ಓಡ್ಸಾಕ್ ಕೊಡು."

"ಕೊಡ್ತೀನಿ. ಒಂದ್ಯಾಕ, ಹತ್ತು ಸುತ್ತು ಹೊಡೀಲಿ."

ಗೋಡೆಯ ಗೂಡಿನಲ್ಲಿ ಮೂರು ಹಳೆಯ ಹಗ್ಗಗಳ ಸುರುಳಿ ಇತ್ತು. ಮಾರಿದ ಮೂರು ಎತ್ತುಗಳದು. ಅವುಗಳಿಗೆ ಒರಗಿಸಿ ತಗಡಿನ ನಂಬರ್ ಬೋರ್ಡು ಇಟ್ಟಿದ್ದಳು. ಅದಕ್ಕೂ ಕುಂಕುಮ ಹಚ್ಚಿತ್ತು.

ನಾನು ಕಾಗದ ತೆಗೆದೆ. ಅರ್ಜಿಯವನು ಮಸಿಯ ಡಬ್ಬಿಯನ್ನೂ ಕೊಟ್ಟಿದ್ದ.

"ಏನ್ ಬರ್ದೈತಪ್ಪ ಇದ್ರಾಗೆ?"

"ಗಾಡಿ ಇವರಿಗೆ ಮಾರಿದ್ದೀನಿ ಅಂತ ಬರೆದಿದೆ, ಅಮ್ಮ."

"ಅಷ್ಟಕ್ಕೇ ಇಷ್ಟುದ್ದವಾ?"

"ಇಂಗ್ಲಿಷಿನಲ್ಲಿ ಉದ್ದ ಆಗುತ್ತದೆ."

ಆಕೆ ನಕ್ಕಳು. "ಅವ್ನೂ ಇಂಗೇ ಅಂತಿದ್ದ. ದೊರೆಗೋಳು ಬಯ್ಯೋದೂ ಉದ್ದ ಅಂತ." ನಗುತ್ತಲೇ ಹೆಬ್ಬೆರಳು ನನ್ನ ಕೈಗೆ ಕೊಟ್ಟಳು. ಬಿಸಿಯಾದ, ಒರಟಾದ ಬೆರಳು. ನಾನೇ ಅದನ್ನು ಮಸಿಗೆ ಅದ್ದಿ, ಕಾಗದದ ಮೇಲೆ ಒತ್ತಿಸಿ, ಕೆಳಗೆ ಸಾಕ್ಷಿ ಎಂದು ನನ್ನ ಹೆಸರು ಬರೆದು, ಮುಂದೆ ಬಿ.ಎ. ಎಂದೂ ಸೇರಿಸಿದೆ. ಹಾಗೆ ಬರೆದದ್ದು ಅದೇ ಮೊದಲು.

ಉಂಡು ಹೋಗಿ ಎಂದಳು. ಕೆಲಸವಿದೆ ಎಂದು ನಾನೇ ಅವಸರಮಾಡಿ ಎಬ್ಬಿಸಿದೆ.

ಏರಿಯ ಮೇಲೆ ಮಧ್ಯಾಹ್ನದ ಬಿಸಿಲು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಬಯಲು ಕೆಳಗೆ. ಏರಿ ಬಾಗುವ ಕಡೆ ಕೆಳಗಿನಿಂದ ಕುರಿಮಂದೆ ಒಮ್ಮೆಲೇ ಹತ್ತಿಬಂತು. ಭಾವ ಬ್ರೇಕು ತುಳಿದರು. ಕಾಲು ಬರಿದೇ ಕೆಳಗೆ ಹೋಯಿತು. ಬ್ರೇಕಿನ ಸರಳು ಎಲ್ಲೋ ಕಳಚಿ ಬಿದ್ದಿತ್ತು. "ಹಿಡ್ಕೋ" ಎಂದದ್ದು ಕೇಳಿಸಿತು. ಕುರಿಗಳನ್ನು ತಪ್ಪಿಸಲು ಅವರು ಹ್ಯಾಂಡಲನ್ನು ನೀರಿನ ಕಡೆಗೆ ಎಳೆದರು. ಆಮೇಲೆ ಆಕಾಶ ಕಂಡಿತು, ಕಲ್ಲು ಕಂಡಿತು, ಮತ್ತೆ ಆಕಾಶ.

ನಾನು ಏರಿಯ ಒಳಮೈಯ ಕಲ್ಲುಕಟ್ಟಡದ ಮೇಲೆ ಅಂಗಾತ ಬಿದ್ದಿದ್ದೆ, ತಲೆ ಕೆಳಗೆ, ನೀರಿನ ಕಡೆಗೆ. ಗಾಡಿ ನನ್ನ ಮೇಲೆ ಬರಬೇಕಾದದ್ದು ಒಂದು ಜಾಲಿ ಮರದ ಮೋಟಿಗೆ ಸಿಕ್ಕಿಕೊಂಡು ನಿಂತಿತ್ತು. ಗಾಲಿ ತಿರುಗುತ್ತಿತ್ತು. ಮೋಟು ಕಿರ್ ಕಿರ್ ಎನ್ನುತ್ತಿತ್ತು. ಪೆಟ್ರೋಲು ಹನಿಹನಿಯಾಗಿ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಎಡಗೈ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಉಸಿರೆಳೆದರೆ ಎದೆ ಉಬ್ಬಿ ಗಾಲಿಗೆ ತಾಗುತ್ತದೆಂದು ಉಸಿರು ಹಿಡಿದಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಈಗಲೂ ನೆನಪಿನಲ್ಲಿ ಆ ಮೋಟು ಒಮ್ಮೊಮ್ಮೆ ಮುರಿಯುತ್ತದೆ, ಒಮ್ಮೊಮ್ಮೆ ತಡೆಯುತ್ತದೆ.

ಮುದುಕ ಕುರುಬನೊಬ್ಬ ಇಳಿದು ಬಂದು ಗಾಡಿಯ ಹಿಂಭಾಗ ಹಿಡಿದುಕೊಂಡ. ಮೊಣಕಾಲು ತರಚಿದ್ದ ಭಾವ ಕುಂಟುತ್ತ ಬಂದು ನನ್ನನ್ನು ಎಳೆದರು.

"ಉಸ್ರಾಡಪ್ಪ, ಉಸ್ರಾಡು" ಎಂದ ಕುರುಬ. "ಯಾವೂರು? ಯಾರ ಮಗ?"

ಅವನು ಗಾಡಿಯ ಹಿಂದೆ ಮುಂದೆ ನೋಡಿದ. "ನಂಬರೂ ಇಲ್ಲ ಇದಕ್ಕೆ. ನೀವಿಬ್ರೂ ನೀರಿಗ್ ಹೋಗಿದ್ರೆ ಯಾರ್ ಮನೆಗೆ ಅಂತ ಹೇಳ್ ಕಳಿಸ್ಬೇಕಾಗಿತ್ತು? ನಿಮ್ಮವ್ವ ಕಾಯ್ತಾನೇ ಇರೋಳು." ಬೈಯುವ ದನಿಯಲ್ಲಿ ಹೇಳಲಿಲ್ಲ. ಹೇಳಿ, ಭಾವನ ಜೊತೆ ಗಾಡಿಯನ್ನು ಏರಿಯ ಮೇಲಕ್ಕೆ ಎತ್ತಿ ನಿಲ್ಲಿಸಿ, ಚೆದುರಿದ ಕುರಿಗಳ ಹಿಂದೆ ಹೋದ.

ಭಾವ ನನ್ನ ತೋಳು ಹಿಡಿದು ಮೂಳೆ ನೋಡಿದರು, ಕರುವಿನ ಕಾಲು ನೋಡುವ ಹಾಗೆ. ಟವೆಲ್ಲಿನಿಂದ ಕಟ್ಟಿದರು. ಆಮೇಲೆ, "ಕಾಗದ ನೆನೆದೈತೇನು ನೋಡು" ಎಂದರು.

ಅಂಗಿಯೆಲ್ಲ ಪೆಟ್ರೋಲು, ಮಣ್ಣು. ಕಾಗದ ಮಾತ್ರ ನೆನೆಯದೆ ಹಾಗೆಯೇ ಇತ್ತು. ಹೆಬ್ಬೆಟ್ಟಿನ ಗೆರೆಗಳು ಒಂದೊಂದೂ ಕಾಣುತ್ತಿದ್ದವು.

"ಭಾವಾ, ಇದರಾಗ ಇನ್ನೊಂದು ಮಾತೈತ್ರಿ" ಎಂದೆ. ಓದಿ ಅರ್ಥ ಹೇಳಿದೆ.

"ನನಗ ಯಾಕ ಹೇಳಲಿಲ್ಲ?" ಎಂದರು. ಕಾಗದ ಮಡಿಚಿ ತಾವೇ ನನ್ನ ಜೇಬಿಗೆ ಹಾಕಿದರು.

"ಕರು ಸತ್ತರ ಅದರ ಚರ್ಮಕ್ಕ ಹುಲ್ಲು ತುಂಬಿ ಆಕಳ ಮುಂದ ನಿಲ್ಲಸ್ತಾರ, ಹಾಲು ಬತ್ತಬಾರದಂತ. ನಾನೇ ಎಷ್ಟು ಮಂದಿಗೆ ಮಾಡಿಕೊಟ್ಟೀನಿ. ಐತಿ ಅಂತ ನಂಬಸೋದು ನನಗ ಗೊತ್ತು. ಇಲ್ಲ ಅಂತ ಆಕಿ ಕೈಲೇ ಬರಸೋದು ಆಗಂಗಿಲ್ಲ. ಗಾಡಿ ಹೋದ್ರ ಹೋಗ್ಲಿ, ನಡಿ."

ಅವರು ಗಾಡಿ ತಳ್ಳುತ್ತ, ನಾನು ಕೈ ಎದೆಗೆ ಒತ್ತಿಕೊಂಡು, ಬಂದ ದಾರಿಯಲ್ಲೇ ತಿರುಗಿ ನಡೆದೆವು.

ನಮ್ಮನ್ನು ನೋಡಿದವಳೇ ಆಕೆ ನನ್ನನ್ನು ಪಡಸಾಲೆಯಲ್ಲಿ ಕೂರಿಸಿದಳು. ಅರಿಶಿನ ಸುಣ್ಣ ಕಲಸಿ ಬಿಸಿಮಾಡಿ ನನ್ನ ಮೊಣಕೈಗೆ ಹಚ್ಚಿದಳು. ಹಚ್ಚುತ್ತಿರುವಾಗಲೇ ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ: ನನಗೆ ಮೊದಲೇ ಗೊತ್ತಿತ್ತು, ಭಾವನಿಗೆ ಗೊತ್ತಿರಲಿಲ್ಲ ಎಂದು.

ಆಕೆಯ ಕೈ ನಿಂತಿತು. "ಎಲ್ಲೈತೆ ಆ ಮಾತು?"

ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಆಕೆ ಬಗ್ಗಿ ನೋಡಿದಳು.

"ಇಷ್ಟೇ ಇಷ್ಟೈತಲ್ಲ" ಎಂದಳು. ಉಳಿದದ್ದನ್ನು ಹಚ್ಚುತ್ತ ಹೇಳಿದಳು: "ನಾಳೆ ಅವ್ನು ಬತ್ತಾನೆ ಅಂತ ಇಟ್ಕೋ. ಸರ್ಕಾರದೋರು ನೀನು ಸತ್ತೋಗಿದೀಯ, ನಿಂಗೆ ಸಕ್ರೆ ಸೀಮೆಎಣ್ಣೆ ಕೊಡಾಕಿಲ್ಲ ಅಂತಾರೆ. ಯಾರ್ ಹೇಳಿದ್ದು ಅಂತ ಕೇಳ್ತಾನೆ. ನಾನೇ ಕಣಪ್ಪ, ಹೆಬ್ಬೆಟ್ಟೊತ್ತಿದ್ದೆ ಅನ್ಲಾ?"

"ಒತ್ತಿಸಿದ್ದು ನಾನು, ಅಮ್ಮ."

"ಊ. ನೀನು ಓದಿದೋನು. ನೀನು ಹೇಳಿದ ಮ್ಯಾಲೆ ನಾನ್ ಒತ್ತದೆ ಇರ್ತೀನಾ."

ಅವಳು ಇದನ್ನು ಬೈದು ಹೇಳಲಿಲ್ಲ. ನನ್ನನ್ನು ಸಮಾಧಾನಪಡಿಸಲು ಹೇಳಿದಳೆಂದೇ ತೋರುತ್ತದೆ. ಗಾಲಿಯ ಜೊತೆಗೆ ಈ ಮಾತೂ ನನಗೆ ತಿರುಗಿ ತಿರುಗಿ ಬರುತ್ತದೆ.

ಕಾಗದ ಇಸಿದುಕೊಂಡು ಒಲೆಗೆ ಹಾಕಿದಳು. ಮೇಲೆ ಹಿಟ್ಟಿನ ಎಸರು ಕುದಿಯುತ್ತಿತ್ತು. ಅದೇ ಒಲೆಯ ಮುದ್ದೆ, ಅವರೆಕಾಳಿನ ಸಾರು ನಮಗಿಬ್ಬರಿಗೂ ಬಡಿಸಿದಳು. "ನಿನ್ ಗಾಡಿ ಗತಿ ಏನಪ್ಪ ಈಗ?" ಎಂದು ಭಾವನನ್ನು ಕೇಳಿದಳು.

"ಅನಂತಪುರಕ್ಕ ಹೋಗಿ ಇದ್ದದ್ದು ಇದ್ದಂಗ ಹೇಳ್ತೀನವ್ವ. ಇಟ್ಕೊಂಡ್ರ ಇಟ್ಕೊಳ್ಳಿ."

ಆಕೆ ಎದ್ದು ನಂಬರ್ ಬೋರ್ಡು ತಂದು ಅವರ ಮುಂದಿಟ್ಟಳು. "ಬೇಕಂದ್ರೆ ತಗೊಂಡೋಗು." ಭಾವ ಅದನ್ನು ಮುಟ್ಟಲಿಲ್ಲ. ನನಗೆ ನಂಬರ್ ಬರೆದುಕೊಳ್ಳಲು ಹೇಳಿದರು. ಬೋರ್ಡು ಇದ್ದ ಗೂಡಿನಲ್ಲಿ ಮಗ ಇಟ್ಟಿದ್ದ ಹಳೆಯ ಆರ್.ಸಿ. ಪುಸ್ತಕವೂ ಇತ್ತು. ಅದನ್ನು ಮಾತ್ರ ಭಾವ ತೆಗೆದುಕೊಂಡರು.

ಅನಂತಪುರದಲ್ಲಿ ಗಾಡಿಗಳನ್ನು ನೋಂದಾಯಿಸುವ ಕಚೇರಿಯಲ್ಲಿ ವಯಸ್ಸಾದ ತೆಲುಗು ಗುಮಾಸ್ತರೊಬ್ಬರಿದ್ದರು. ನನ್ನ ಕಟ್ಟು ಹಾಕಿದ ಕೈ ನೋಡಿ "ಕೂರ್ಚೋ ನಾಯನಾ" ಎಂದು ಬೆಂಚು ತೋರಿಸಿದರು. ಭಾವ ಟವೆಲ್ಲಿನ ಕೆಳಗಿನ ವ್ಯಾಪಾರದಿಂದ ಹಿಡಿದು ಏರಿಯವರೆಗೆ ಎಲ್ಲವನ್ನೂ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದರು. ಗುಮಾಸ್ತರು ದಪ್ಪ ರಿಜಿಸ್ಟರು ತೆಗೆದು ನಂಬರ್ ಹುಡುಕಿ, ಆ ಮಗನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೇಳಿದರು.

"ಸತ್ತಿದ್ದಾನೆ ಅಂತ ಸರ್ಕಾರ ಹೇಳಿದೆಯಾ?"

"ಇಲ್ರಿ. ಪತ್ತೆ ಇಲ್ಲ ಅಂದೈತಿ."

"ಮತ್ತೆ ನಾವು ಯಾಕೆ ಹೇಳೋಣ?"

ಅವರು ತಿಳಿಸಿದ ದಾರಿ ಇದು. ಗಾಡಿ ತನ್ನ ಬಳಿ ಇದೆ, ಯಾರಿಂದ ಹೇಗೆ ಬಂತು ಎಂದು ಭಾವನೇ ಹೇಳಿಕೆ ಬರೆದುಕೊಡಬೇಕು. ರಿಜಿಸ್ಟರಿನಲ್ಲಿರುವ ಮಾಲೀಕನಿಗೆ, ಅವನ ವಿಳಾಸಕ್ಕೆ, ಕಚೇರಿಯಿಂದ ನೋಟೀಸು ಹೋಗುತ್ತದೆ. ತಕರಾರು ಇದ್ದರೆ ಒಂದು ತಿಂಗಳಲ್ಲಿ ಬಂದು ಹೇಳಬೇಕು. ಬರದಿದ್ದರೆ ಸಾಹೇಬರು ಹೆಸರು ಬದಲಾಯಿಸಲು ಒಪ್ಪುತ್ತಾರೆ. ಹಳೆಯ ಬೋರ್ಡು ಯಾರಿಗೂ ಬೇಕಿಲ್ಲ. ಅದೇ ನಂಬರು ಬರೆಸಿ ಹೊಸದು ಹಾಕಿಕೊಳ್ಳಬಹುದು. ಅಲ್ಲಿಯವರೆಗೆ ಅರ್ಜಿ ವಿಚಾರಣೆಯಲ್ಲಿದೆ ಎಂದು ಒಂದು ಚೀಟಿ. ಆ ಚೀಟಿ ನೋಡಿ ರಾಯದುರ್ಗದ ಇನ್ಸ್‌ಪೆಕ್ಟರು, "ಅಂತೂ ಎತ್ತಿಗೆ ಜಾತಕ ಬರೆಸಿದ್ರಿ" ಎಂದರು.

ಎರಡನೆಯ ತಿಂಗಳಿನಲ್ಲಿ ಗಾಡಿ ಭಾವನ ಹೆಸರಿಗಾಯಿತು. ಮರುದಿನವೇ ಆಕೆಗೆ ಹೇಳಿಬರಲು ಹೊರಟರು. ನನಗೆ ಹಿಂದೆ ಕೂರುವ ಧೈರ್ಯವಿರಲಿಲ್ಲ. ಕೂತೆ.

ಆಕೆ ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಭಾವ ಹೊಸ ಪುಸ್ತಕ ತೋರಿಸಿದರು. ಆಕೆ ಅದನ್ನು ಅಷ್ಟಾಗಿ ನೋಡಲಿಲ್ಲ. ಅವಳಿಗೆ ನಮಗೆ ಹೇಳಬೇಕಾದದ್ದು ಬೇರೆಯೇ ಇತ್ತು.

"ನಿಮ್ ಸರ್ಕಾರದ್ ಕಾಗ್ದ ಬಂತಪ್ಪ. ಪೋಸ್ಟಿನೋನು ಬಾಗ್ಲಾಗೆ ನಿಂತ್ಕೊಂಡು ಅವ್ನ ಹೆಸ್ರಿಡ್ದು ಕೂಗ್ದ. ಬೀದಿಯೋರೆಲ್ಲ ಕೇಳುಸ್ಕೊಂಡ್ರು. ಎಷ್ಟ್ ವರ್ಸ ಆಗಿತ್ತು ಆ ಹೆಸ್ರು ಯಾರಾದ್ರೂ ಕೂಗಿ."

"ನೀವೇನಂದ್ರಿ?" ಎಂದೆ.

"ಏನಂತೀನಿ? ಮನೇಲಿಲ್ಲ, ಕೊಡು, ಬಂದ್ರೆ ಕೊಡ್ತೀನಿ ಅಂದೆ."

ನೋಟೀಸು ಗೂಡಿನಲ್ಲಿ ಬೋರ್ಡಿನ ಹಿಂದೆ, ಒಡೆಯದೆ ಇತ್ತು. ಅವನಿಗೆ ಬಂದದ್ದನ್ನು ತಾನು ಹೇಗೆ ಒಡೆಯುವುದು ಎಂದಳು. ಆತ ಬಂದನೇ ಎಂದು ಈ ಕಥೆ ಕೇಳಿದವರು ಕೇಳುತ್ತಾರೆ. ನನಗೆ ತಿಳಿದಿರುವ ಮಟ್ಟಿಗೆ ಬರಲಿಲ್ಲ. ಭಾವ ಆ ಗಾಡಿಯನ್ನು ಬಹಳ ವರ್ಷ ಇಟ್ಟುಕೊಂಡಿದ್ದರು. ಪೆಟ್ಟಿಗೆ ಕಟ್ಟಿಕೊಂಡು ಹೊರಟವರನ್ನು ಹೊಸಬರು ಯಾರಾದರೂ ರಸ್ತೆಯಲ್ಲಿ ಕೈಮಾಡಿ ನಿಲ್ಲಿಸಿದರೆ, ಗಾಡಿ ನಿಲ್ಲಿಸಿ, ಒಂದು ಸುತ್ತು ಕೇಳಲು ಬಂದವನೇನೋ ಎಂಬಂತೆ, ಮೊದಲು ಅವರ ಮುಖವನ್ನೇ ನೋಡುತ್ತಿದ್ದರು.

ಆ ದಿನ ಹೊರಡುವಾಗ ಆಕೆ ಬಾಗಿಲಿಗೆ ಬಂದಳು. "ಏರಿ ಮ್ಯಾಲೆ ನಿಧಾನ ಹೋಗ್ರಪ್ಪ" ಎಂದಳು. ಭಾವ ಅಂಗಳದಲ್ಲಿ ಅವಳಿಗಾಗಿ ಒಂದು ಸುತ್ತು ಹೊಡೆದು, ನನ್ನನ್ನು ಹತ್ತಿಸಿಕೊಂಡರು.

ಏರಿ ಬಂದಾಗ ನಾನು ಅವರ ಬೆನ್ನು ತಟ್ಟಿ, ಇಳಿದು ನಡೆಯುತ್ತೇನೆ ಎಂದೆ. ಗೇಲಿ ಮಾಡುತ್ತಾರೆಂದುಕೊಂಡಿದ್ದೆ. ಮಾಡಲಿಲ್ಲ. ತಾವೂ ಇಳಿದರು, ಗಾಡಿ ಆರಿಸಿದರು, ನೀರಿನ ಬದಿಗೆ ತಾವು ನಿಂತು, ಅದನ್ನು ತಳ್ಳಿಕೊಂಡು ನನ್ನ ಜೊತೆಗೆ ನಡೆದರು.